ಅಂಜಿಕೆ ಮತ್ತು ಸೃಜನಶೀಲತೆ

(ಮುಂಬಯಿಯ ಸಾಹಿತ್ಯಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬದುಕು, ಸ್ವಾತಂತ್ರ್ಯ, ಸೃಜನಶೀಲತೆ ಎಂಬ ದೊಡ್ಡ ವಿಷಯವನ್ನು ತಾವು ನನಗೆ ಒಪ್ಪಿಸಿದ್ದೀರಿ. ಇಂಥ ವಿಷಯಗಳಲ್ಲಿ ಮಾತು ನೆಲ ಬಿಟ್ಟು ಮೇಲೇರುವ ಅಪಾಯವಿದೆ. ಆದ್ದರಿಂದ ಇದೇ ಮಹಾನಗರದಲ್ಲಿ ಬಾಳಿದ ಒಬ್ಬ ಲೇಖಕರ ಒಂದು ಕಾದಂಬರಿಯನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ.

ಯಶವಂತ ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು; ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದು 2014ರಲ್ಲಿ ನಿಧನರಾದರು. ವೃತ್ತಿಯಲ್ಲಿ ಪಾಲಿಮರ್ ವಿಜ್ಞಾನಿ, ಪ್ರವೃತ್ತಿಯಲ್ಲಿ ಕತೆಗಾರ. ಬಿಡುವಿಲ್ಲವೆಂಬ ನೆಪ ನಮ್ಮೆಲ್ಲರಂತೆ ಅವರಿಗೂ ಸುಲಭವಾಗಿ ಸಿಗುತ್ತಿತ್ತು. ಅವರು ಅದನ್ನು ಬಳಸಲಿಲ್ಲ.

1979ರಲ್ಲಿ ಪ್ರಕಟವಾದ ಅವರ ‘ಶಿಕಾರಿ’ಯ ನಾಯಕ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಅವನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಏಕೆ ಎಂದು ಹುಡುಕಹೊರಟವನು ಹೊರಗಿನ ಸಂಚಿನಷ್ಟೇ ತನ್ನೊಳಗಿನ ಭಯವನ್ನೂ ಎದುರಿಸಬೇಕಾಗುತ್ತದೆ.

ಮೊದಲ ಸಲ ಓದಿದಾಗ ನಾನೇ ನಾಗಪ್ಪನೆಂದು ಭಾವಿಸಿ ಮರುಗಿದೆ. ಎರಡನೆಯ ಓದಿನ ಹೊತ್ತಿಗೆ ನನ್ನ ಜೀವನದಲ್ಲೊಂದು ಘಟನೆ ನಡೆದುಹೋಗಿತ್ತು. ನನ್ನ ಕಚೇರಿಯಲ್ಲಿ ಕಿರಿಯ ಸಹೋದ್ಯೋಗಿಯೊಬ್ಬನ ಮೇಲೆ ಅವನು ಮಾಡದ ತಪ್ಪನ್ನು ಹೊರಿಸಿದರು. ನಿಜ ಏನೆಂದು ನನಗೆ ಗೊತ್ತಿತ್ತು. ವಿಚಾರಣೆಯಲ್ಲಿ ಕೇಳಿದಾಗ, “ನೆನಪಿಲ್ಲ” ಎಂದೆ. ಮನೆಯ ಸಾಲವಿತ್ತು, ಮಕ್ಕಳ ಓದು ಇತ್ತು. ಪರಸ್ಥಳದಲ್ಲಿ ನಮಗೇಕೆ ಈ ಉಸಾಬರಿ ಎಂಬ ಹಳೆಯ ವಿವೇಕವೂ ಜೊತೆಗಿತ್ತು. ಹುಡುಗ ಕೆಲಸ ಕಳೆದುಕೊಂಡ. ನನ್ನನ್ನು ಯಾರೂ ನಿಂದಿಸಲಿಲ್ಲ, ಜಾಣನೆಂದರು. ಆಮೇಲೆ ‘ಶಿಕಾರಿ’ಯನ್ನು ತೆರೆದಾಗ ನಾನು ನಾಗಪ್ಪನಾಗಿರಲಿಲ್ಲ, ಅವನ ಸುತ್ತ ನಿಂತವರಲ್ಲಿ ಒಬ್ಬನಾಗಿದ್ದೆ.

ಮನುಷ್ಯಸ್ವಭಾವದ ಬಗೆಗೆ ನಾನು ಕಲಿತ ಪಾಠ ಇಷ್ಟೆ. ಕ್ರೌರ್ಯಕ್ಕೆ ಯಾವಾಗಲೂ ಕ್ರೂರಿಗಳೇ ಬೇಕಿಲ್ಲ; ಅಂಜಿದ ಸಜ್ಜನರು ಸಾಕು. ನಮ್ಮ ಬಾಯಿ ಕಟ್ಟುವುದಕ್ಕೆ ಸರಪಳಿಯೂ ಬೇಕಿಲ್ಲ. ತಿಂಗಳ ಸಂಬಳ ಸಾಕು.

ಹಾಗಾದರೆ ಸ್ವಾತಂತ್ರ್ಯವೆಂದರೆ ಭಯವೇ ಇಲ್ಲದ ಸ್ಥಿತಿಯೆ? ಸಂಸಾರಸ್ಥನಿಗೆ ಅದು ಸಾಧ್ಯವೆಂದು ನಾನು ನಂಬುವುದಿಲ್ಲ. ತನ್ನ ಭಯವನ್ನು ವಿವೇಕವೆಂದು ಕರೆಯದೆ ಭಯವೆಂದೇ ಕರೆಯಬಲ್ಲವನು ಸ್ವಾತಂತ್ರ್ಯದ ಮೊದಲ ಮೆಟ್ಟಿಲನ್ನು ಹತ್ತಿದ್ದಾನೆ. ಸೃಜನಶೀಲತೆಯ ಕೆಲಸವೂ ಇದೇ. ಅದು ಕವಿಗಳಿಗೆ ಮಾತ್ರ ಮೀಸಲಲ್ಲ. ಕಂಡದ್ದನ್ನು ಕಂಡಂತೆ ಹೇಳಲು ಸರಿಯಾದ ಮಾತನ್ನು ಹುಡುಕುವ ಪ್ರತಿಯೊಬ್ಬನೂ ಅದರಲ್ಲಿ ಪಾಲುದಾರ.

ಹೊಟ್ಟೆಪಾಡಿನ ಭಾಷೆಗಳಲ್ಲಿ ನಾವು ದಿನವಿಡೀ ಎಚ್ಚರಿಕೆಯಿಂದ ಮಾತನಾಡುತ್ತೇವೆ. ಕನ್ನಡ ನಮಗೆ ಎಚ್ಚರಿಕೆಯ ಹಂಗಿಲ್ಲದ ಭಾಷೆ. ಅದನ್ನು ರಾಜ್ಯೋತ್ಸವದ ಹಾಡಿಗೆ, ಯಕ್ಷಗಾನದ ಚಪ್ಪಾಳೆಗೆ ಮಾತ್ರ ಬಳಸಿದರೆ ಸಾಲದು. ನಮ್ಮ ಸೋಲನ್ನೂ ನಾಚಿಕೆಯನ್ನೂ ಒಪ್ಪಿಕೊಳ್ಳಲು ಒಂದು ಜಾಗ ಸಂಘದಲ್ಲಿರಲಿ.

ಆ ಹುಡುಗನ ವಿಷಯವನ್ನು ಇಷ್ಟು ವರ್ಷಗಳಲ್ಲಿ ನಾನು ಎಲ್ಲಿಯೂ ಹೇಳಿರಲಿಲ್ಲ. ಇಂದು ಹೇಳಿದ್ದರಿಂದ ಅವನಿಗೆ ನ್ಯಾಯ ಸಿಕ್ಕಂತಾಗಲಿಲ್ಲ. ಆದರೆ “ನೆನಪಿಲ್ಲ” ಎಂದ ನಾಲಗೆಯೇ ಇಂದು “ನೆನಪಿದೆ” ಎನ್ನುತ್ತಿದೆ.