ಬೋರ್ಡು ಕನ್ನಡದ್ದಾದರೆ ಸಾಕೇ?

(ಚಿದ್ರಿಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿದವನು, ಶಿಕ್ಷಣ ತಜ್ಞನಲ್ಲ. ಆದರೆ ಅಕ್ಷರವೇ ನನಗೆ ಅನ್ನ. ಅದರ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಲಿಕಲಿ ನಿಮಗೆ ಗೊತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ಪದ್ಧತಿ ನೋಡಿ ನಮ್ಮ ಸರ್ಕಾರಿ ಮಾಸ್ತರರೇ ಕೂತು ಕಾರ್ಡು ಮಾಡಿದರು. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆದಿಂದಲ್ಲ. ರ, ಗ, ಸ, ದ, ಅ ಎಂದು. ಯಾಕೆ? ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಓದಬಹುದು. ಕಾಗುಣಿತ ಬೇಡ, ಒತ್ತು ಬೇಡ. ಅಚ್ಚುಮೊಳೆ ಜೋಡಿಸಿದವರಿಗೆ ಈ ಜಾಣತನ ತಟ್ಟನೆ ತಿಳಿಯುತ್ತದೆ.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಎಡವಟ್ಟಾದದ್ದು ಅಲ್ಲೇ. ಮಾಸ್ತರರು ತಾವೇ ಕಂಡುಕೊಂಡದ್ದು ಮೇಲಿನಿಂದ ಇಳಿಯುವ ಕಟ್ಟಾಯಿತು. ಈ ಕಾರ್ಡಾದ ಮೇಲೆ ಆ ಕಾರ್ಡು, ಈ ಮೆಟ್ಟಿಲಾದ ಮೇಲೆ ಆ ಮೆಟ್ಟಿಲು. ಕೋಟೆಗೂ ಅದೇ, ನಮ್ಮ ಔರಾದಿಗೂ ಅದೇ!

ಔರಾದಿನಲ್ಲಿ ಒಂದು ಮಗುವಿನ ಮನೆಮಾತು ಮರಾಠಿ, ಇನ್ನೊಂದರದು ಲಂಬಾಣಿ, ಮತ್ತೊಂದರದು ಉರ್ದು. ಕನ್ನಡದ ಮಗುವೂ ಮನೆಯಲ್ಲಿ 'ಬರ್ಲಾಕತ್ಯಾನ' ಅನ್ನುತ್ತದೆ. ಕಾರ್ಡು 'ಬರುತ್ತಿದ್ದಾನೆ' ಅನ್ನುತ್ತದೆ. ಈ ಎರಡರ ನಡುವೆ ಸೇತುವೆ ಕಟ್ಟುವವರು ಯಾರು? ಕಾರ್ಡಿಗೆ ಬಾಯಿ ಉಂಟು, ಕಿವಿ ಇಲ್ಲ. ಮಗು ಎಲ್ಲಿ ತಡವರಿಸಿತು ಎಂದು ಕೇಳಿಸಿಕೊಳ್ಳುವವರು ಮಾಸ್ತರರೇ.

ಭಾಲ್ಕಿಯನ್ನು ನೆನೆಯಿರಿ. ನಿಜಾಮನ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಗುರು ಮನಸ್ಸು ಮಾಡಿದರೆ ಬೋರ್ಡು ಏನು ಮಾಡೀತು? ಇಂದು ಬೋರ್ಡು ಕನ್ನಡದ್ದೇ. ಒಳಗೆ ಮಾತ್ರ ಕಾರ್ಡು ಮುಗಿದಿರುತ್ತದೆ, ಓದು ಬಂದಿರುವುದಿಲ್ಲ.

ಅಂಗಡಿ ಬೋರ್ಡಿಗಾಗಿ ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ಆ ಬೋರ್ಡು ಓದುವ ಮಗು ಬೇಡವೇ?

ಕಾರ್ಡು ಸುಡಿ ಎನ್ನುತ್ತಿಲ್ಲ. ಖಾಲಿ ಹುದ್ದೆಗೆ ಮಾಸ್ತರರನ್ನು ಕೊಡಿ, ತಮ್ಮೂರಿನ ಮಾತಿನಲ್ಲಿ ತಾವೇ ಕಾರ್ಡು ಬರೆಯಲು ಅವರನ್ನು ಬಿಡಿ. ಸರ್ಕಾರವನ್ನು ಕೇಳಬೇಕಾದದ್ದು ಇದು.

ಅಲ್ಲಿಯವರೆಗೆ ಸುಮ್ಮನಿರುವುದೇ? ಈ ಶನಿವಾರ ನಿಮ್ಮ ಓಣಿಯ ಶಾಲೆಗೆ ಹೋಗಿ. ಮಾಸ್ತರರನ್ನು ಕೇಳಿ, ಮಕ್ಕಳ ಬಾಯಿಂದ ನೂರು ಪದ ಬರೆದು ತನ್ನಿ. ಕಾಗದ ನಿಮ್ಮದು, ಅಚ್ಚು ನನ್ನದು. ಕೂಲಿ ಬೇಡ.

ಸಿರಿಗನ್ನಡಂ ಗೆಲ್ಗೆ!