ಗಾಜಿನ ತೊಟ್ಟಿಯಲ್ಲಿ ಗೋಬಿ ಮೀನು

ಮತ್ಸ್ಯಪುರಾಣದ ಕಥೆ ನಿಮಗೆಲ್ಲ ತಿಳಿದದ್ದೇ. ತರ್ಪಣ ಕೊಡುತ್ತಿದ್ದ ಮನುವಿನ ಬೊಗಸೆಗೆ ಪುಟ್ಟ ಮೀನೊಂದು ಬಂದಿತು. ಅದನ್ನು ಕಮಂಡಲುವಿನಲ್ಲಿಟ್ಟ, ಸಾಲದಾಯಿತು. ಕೊಡದಲ್ಲಿಟ್ಟ, ಬಾವಿಗೆ ಬಿಟ್ಟ, ಕೊಳಕ್ಕೆ ಬಿಟ್ಟ, ಗಂಗೆಗೆ ಬಿಟ್ಟ. ಕಡೆಗೆ ಕಡಲಿಗೇ ಒಯ್ಯಬೇಕಾಯಿತು. ಮನೆಯಲ್ಲಿ ಮೀನು ಸಾಕಬೇಕೆನ್ನುವವರು ಮೊದಲು ನೆನೆಯತಕ್ಕ ಕಥೆ ಇದು.

ಯಳಂದೂರಿನ ಸುವರ್ಣಾವತಿ ಹೊಳೆಯಿಂದ ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಗಾಜಿನ ಶೀಸೆಯಲ್ಲಿ ಮೀನೊಂದನ್ನು ತಂದ. ಮರಳಿನ ಬಣ್ಣ, ಮೈಮೇಲೆ ಕಪ್ಪು ಮಚ್ಚೆ, ನೆತ್ತಿಗೆ ಹತ್ತಿದಂತಿರುವ ಕಣ್ಣು. ಈಜಾಡದೆ ತಳದಲ್ಲಿ ಸುಮ್ಮನೆ ಕುಳಿತಿತ್ತು. “ಸಾರ್, ಇದಕ್ಕೆ ಬಣ್ಣವೇ ಇಲ್ಲ” ಎಂದ. ಶೀಸೆಯನ್ನು ಎತ್ತಿ ಕೆಳಗಿನಿಂದ ನೋಡು ಎಂದೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳು ಕೂಡಿ ಪುಟ್ಟ ಬಟ್ಟಲಾಗಿದ್ದವು. ಹರಿಯುವ ನೀರಿನಲ್ಲಿ ಕೊಚ್ಚಿಹೋಗದಂತೆ ಕಲ್ಲನ್ನು ಹಿಡಿದು ನಿಲ್ಲುವುದಕ್ಕೆ ಆ ಬಟ್ಟಲು. ಇದೇ ಗೋಬಿ ಕುಲದ ಗುರುತು.

ಭರಚುಕ್ಕಿಯನ್ನು ಕಂಡವರು ಇದನ್ನು ಕೇಳಿ ಬೆರಗಾಗಬಹುದು. ಹವಾಯಿ ದ್ವೀಪದಲ್ಲಿ ಅಕಾಕ ಎಂಬ ಜಲಪಾತ ಉಂಟು. ಎತ್ತರ ಸುಮಾರು 135 ಮೀಟರ್. ಅಂಗುಲದಷ್ಟಿರುವ ಗೋಬಿ ಮರಿಗಳು ಈ ಬಟ್ಟಲನ್ನು ಒದ್ದೆ ಬಂಡೆಗೆ ಒತ್ತಿಕೊಂಡು ಅದನ್ನು ಏರಿ ಮೇಲಿನ ತೊರೆಯನ್ನು ಸೇರುತ್ತವೆ!

ಬಣ್ಣದ ಗೋಬಿಗಳೂ ಇಲ್ಲದೆ ಇಲ್ಲ. ಸಿಂಹಳದಿಂದ ಪೆಸಿಫಿಕ್ ದ್ವೀಪಗಳವರೆಗಿನ ತೊರೆಗಳಲ್ಲಿ ಸ್ಟಿಫೋಡಾನ್ ಎಂಬ ಜಾತಿಯಿದೆ. ಉದ್ದ ನಾಲ್ಕೈದು ಸೆಂಟಿಮೀಟರ್. ಗಂಡು ಮೀನಿನ ಮೈ ನವಿಲುಗೊರಳಿನಂತೆ ನೀಲಿ, ಹಸಿರು. ಕೆಲವಕ್ಕೆ ಕಿತ್ತಳೆಯ ಬಣ್ಣ. ಹೆಣ್ಣಿಗೆ ಎರಡು ಕಪ್ಪು ಗೆರೆ ಮಾತ್ರ. ಗಾಜಿನ ತೊಟ್ಟಿಗೆಂದು ಇವನ್ನು ದೇಶದೇಶಗಳಲ್ಲಿ ಕೊಳ್ಳುತ್ತಾರೆ.

ಆದರೆ ಒಂದು ವಿಷಯವುಂಟು. ಈ ಮೀನು ಕಲ್ಲಿನಡಿಯಲ್ಲಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ನೀರಿನೊಡನೆ ಸಮುದ್ರಕ್ಕೆ ತೇಲಿಹೋಗುತ್ತದೆ. ಉಪ್ಪುನೀರು ಕೆಲವೇ ದಿನಗಳಲ್ಲಿ ದೊರೆಯದಿದ್ದರೆ ಸಾಯುತ್ತದೆ. ಕಡಲಲ್ಲಿ ತಿಂಗಳುಗಟ್ಟಲೆ ಬೆಳೆದು ಮತ್ತೆ ತೊರೆಗೆ ಏರಿಬರುತ್ತದೆ. ಇಂಥದನ್ನು ತೊಟ್ಟಿಯಲ್ಲಿ ಮರಿಮಾಡಿಸುವುದು ಬಹು ಕಷ್ಟ. ಆದುದರಿಂದ ಮಾರಾಟಕ್ಕೆ ಬರುವ ಸ್ಟಿಫೋಡಾನ್ ಸಾಮಾನ್ಯವಾಗಿ ಯಾವುದೋ ತೊರೆಯಿಂದ ಹಿಡಿದು ತಂದದ್ದೇ. ಒಂದು ಸತ್ತರೆ ಇನ್ನೊಂದನ್ನು ತೊರೆಯಿಂದಲೇ ತರಬೇಕು.

ನಮ್ಮ ಕಾವೇರಿಯಲ್ಲಿಯೂ ಕಡಲಿನಿಂದ ಮೀನು ಏರಿಬರುವ ದಾರಿಗೆ 1934ರಲ್ಲಿ ಮೇಟ್ಟೂರು ಅಣೆಕಟ್ಟು ಅಡ್ಡ ನಿಂತಿತು. ಆ ಹುಡುಗನ ಶೀಸೆಯಲ್ಲಿದ್ದ ಬಣ್ಣವಿಲ್ಲದ ಗೋಬಿ ಸಿಹಿನೀರಿನಲ್ಲಿಯೇ ವಂಶ ಬೆಳೆಸಬಲ್ಲದು. ಅದರಿಂದಲೇ ಅದು ನಮ್ಮಲ್ಲಿ ಉಳಿದಿದೆ.

ಇಷ್ಟು ತಿಳಿದೂ ಸಾಕುವ ಮನಸ್ಸಿದ್ದರೆ ಚೆನ್ನಾಗಿ ಸಾಕಿರಿ. ಎರಡಡಿ ಉದ್ದದ ತೊಟ್ಟಿ ಇರಲಿ. ತಳಕ್ಕೆ ತೊಳೆದ ಮರಳು, ಮೇಲೆ ಹೊಳೆಯ ನುಣುಪು ಕಲ್ಲು, ಅಡಗಲು ಸಂದು, ನೀರು ಹರಿದಾಡಿಸುವ ಪಂಪು, ಗಾಜನ್ನು ಏರಿ ಹೊರಬೀಳದಂತೆ ಮುಚ್ಚಳ. ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡಬೇಡಿ. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ಕೆಲವು ವಾರ ಬೇಕು. ಅಷ್ಟರಲ್ಲಿ ಕಲ್ಲಿನ ಮೇಲೆ ಪಾಚಿಯೂ ಹಿಡಿದೀತು. ಸ್ಟಿಫೋಡಾನಿಗೆ ಅದೇ ಅನ್ನ. ಪಾಚಿಯೆಂದು ಎಲ್ಲವನ್ನೂ ಉಜ್ಜಿ ತೊಳೆದರೆ ಮೀನು ಹಸಿದು ಸಾಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಕ್ಲೋರೀನ್ ಬೆರೆತ ನಲ್ಲಿ ನೀರನ್ನು ಹಾಗೆಯೇ ಸುರಿಯಕೂಡದು.

ಸಾಕಿ ಬೇಸರವಾಯಿತೆಂದು ಪರದೇಶದ ಮೀನನ್ನು ಕೆರೆಗೋ ಹೊಳೆಗೋ ಬಿಡುವುದು ಪುಣ್ಯವಲ್ಲ. ಅಲ್ಲಿಯ ಮೀನುಗಳಿಗೆ ಅದೇ ಕಂಟಕವಾಗಬಹುದು. ಹಾಗೆಯೇ ಹನೂರಿನ ಕಡೆಯ ಕಾವೇರಿ ದಂಡೆಯ ಕಾಡು 1987ರಿಂದ ವನ್ಯಜೀವಿಧಾಮ. ಅಲ್ಲಿ ಬಲೆ ಬೀಸಲಾಗದು.

ಆ ಹುಡುಗ ಏನು ಮಾಡಿದ ಎನ್ನುತ್ತೀರಾ? ಸಂಜೆ ಶೀಸೆಯನ್ನು ಹೊಳೆಗೆ ಕೊಂಡೊಯ್ದು, ಮೀನನ್ನು ಹಿಡಿದ ಜಾಗದಲ್ಲಿಯೇ ಬಿಟ್ಟ. ಅದು ಮರಳ ಮೇಲೆ ಕುಳಿತಿತು. ಮರುಕ್ಷಣ ಮರಳು ಯಾವುದು, ಮೀನು ಯಾವುದು ತಿಳಿಯದಾಯಿತು. “ಸಾರ್, ಇದರ ಬಣ್ಣ ಇಲ್ಲಿಗೆ ಸರಿ” ಎಂದ. ಮನು ಮೀನನ್ನು ಕಡಲಿಗೆ ಒಯ್ದುದೇಕೆ ಎಂದು ಅವನಿಗೆ ನಾನು ಬೇರೆ ಹೇಳಬೇಕಾಗಲಿಲ್ಲ.