ಅಂಗವಿಕಲರೂ ಕಾಯಕವೂ



 

ಬಾಗಿಲಿಗೆ ಬಂದ ಅಂಧನಿಗಾಗಲಿ ನಡೆಯಲಾರದವನಿಗಾಗಲಿ ಪ್ರಸಾದವಿಲ್ಲೆಂದು ಹೇಳದಿರುವುದು ಲಿಂಗಾಯತ ಮಠಗಳ ಪುರಾತನ ಸಂಪ್ರದಾಯವು. ಅದು ಸರ್ವಥಾ ಸ್ತುತ್ಯವೇ ಸರಿ. ಆದರೆ ಪ್ರಸಾದವನ್ನು ಸ್ವೀಕರಿಸಿ ಎದ್ದ ಆ ಮನುಷ್ಯನು ದಿನದ ಉಳಿದ ಹೊತ್ತನ್ನು ಹೇಗೆ ಕಳೆಯಬೇಕು? ಶರಣರು ಕಾಯಕವನ್ನೂ ದಾಸೋಹವನ್ನೂ ಒಂದರೊಡನೊಂದನ್ನು ಬೆಸೆದಿಟ್ಟರು. ದಾಸೋಹದ ಅನ್ನವನ್ನು ಪಡೆದು ಕಾಯಕದಿಂದ ವಂಚಿತನಾದವನಿಗೆ ಧರ್ಮದ ಅರ್ಧಭಾಗವು ಮಾತ್ರವೇ ದೊರೆತಂತಾಯಿತು. ಅಂಗದಲ್ಲಿ ಊನವಿದ್ದ ಮಾತ್ರಕ್ಕೆ ಲಿಂಗದಲ್ಲಿ ಊನವುಂಟೇ? ಇಲ್ಲವೆಂಬುದು ಸಿದ್ಧಾಂತವಾದ ಮೇಲೆ, ಕಾಯಕದ ಅಧಿಕಾರದಲ್ಲಿಯೂ ಊನವಿರಲಾಗದು.

ಈ ತತ್ತ್ವವನ್ನು ಆಚರಣೆಗೆ ತಂದು ತೋರಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು. 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಮಹಾಪುರುಷರು, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಹುಟ್ಟುಕುರುಡ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿದರು. ಅವನಿಗೆ ಅನ್ನವಸ್ತ್ರಗಳನ್ನಿತ್ತು ಸುಮ್ಮನಾಗಲಿಲ್ಲ; ಕರ್ನಾಟಕ ಹಾಗೂ ಹಿಂದೂಸ್ಥಾನೀ ಪದ್ಧತಿಗಳೆರಡರಲ್ಲಿಯೂ ಸಂಗೀತಶಿಕ್ಷಣವನ್ನು ಕೊಡಿಸಿದರು. ಆ ಬಾಲಕನೇ ಉಭಯಗಾಯನಾಚಾರ್ಯ ಪಂಚಾಕ್ಷರಿ ಗವಾಯಿಗಳವರಾದರು.

ಗವಾಯಿಗಳವರು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುತ್ತ ಸಂಗೀತಪಾಠಶಾಲೆಯನ್ನು ನಡೆಯಿಸಿದರು. ಅದು ಕಾಲಾನಂತರದಲ್ಲಿ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಖ್ಯಾತವಾಯಿತು. ಆಶ್ರಮದ ಪೋಷಣೆಗೆಂದು ನಾಟಕಸಂಘವನ್ನೂ ಕಟ್ಟಿದರು. ಭಿಕ್ಷೆಯ ಅನ್ನವನ್ನು ಉಣ್ಣುವರೆಂದು ಲೋಕವು ತಿಳಿದವರು ಕಲೆಯಿಂದ ಗಳಿಸಿ, ತಮ್ಮಂಥ ಅನೇಕರಿಗೆ ಅನ್ನವಿತ್ತರು. ಕಣ್ಣುಳ್ಳ ಬಸವರಾಜ ರಾಜಗುರು ಅವರಂಥ ಶಿಷ್ಯರು ಕಣ್ಣಿಲ್ಲದ ಗುರುವಿನ ಪದತಲದಲ್ಲಿ ಕುಳಿತು ವಿದ್ಯೆಯನ್ನು ಪಡೆದರು. 1944ರಲ್ಲಿ ಗವಾಯಿಗಳವರು ಲಿಂಗೈಕ್ಯರಾಗಲು, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳವರು ಆ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ನಿರ್ವಹಿಸಿದರು. ಅದೇ ವರ್ಷ ಭಾರತಸರಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು.

ಈ ಶಿಕ್ಷಣದ ಮರ್ಮವೇನು? ಇಲ್ಲದ ಇಂದ್ರಿಯವನ್ನು ನೆನೆದು ಮರುಗದೆ, ಇರುವ ಇಂದ್ರಿಯವನ್ನು ಹದಗೊಳಿಸುವುದೇ ಮರ್ಮವು. ಹಾರ್ಮೋನಿಯಮ್ಮಿನ ಕರಿಯ ಮನೆಗಳು ಎರಡು ಹಾಗೂ ಮೂರರ ಗುಂಪುಗಳಾಗಿರುವುದರಿಂದ ಬೆರಳು ತಡವಿ ಸ್ವರಸ್ಥಾನವನ್ನು ಅರಿಯುವುದು. ತಬಲದ ನಡುವಣ ಕರಣೆಯು ಕೈಗೆ ತಾನೇ ತಿಳಿಯುವುದು. ತಾಳವನ್ನು ತೊಡೆಯ ಮೇಲೆ ಎಣಿಸಬಹುದು. ಕಿವಿಯೂ ಬೆರಳೂ ಕಲಿತ ಮೇಲೆ ಮನಸ್ಸಿನ ಅಂಜಿಕೆಯು ತಾನಾಗಿ ಹಿಂಜರಿಯುವುದು.

ಎಲ್ಲರೂ ಗವಾಯಿಗಳಾಗಲಾರರೆಂದು ಯಾರಾದರೂ ಆಕ್ಷೇಪಿಸಬಹುದು. ಅಹುದು, ಆಗಬೇಕಾದುದೂ ಇಲ್ಲ. ರುದ್ರಾಕ್ಷಿಯನ್ನು ಪೋಣಿಸುವುದು, ಹೂಮಾಲೆ ಕಟ್ಟುವುದು, ಬತ್ತಿ ಹೊಸೆಯುವುದು, ವಿಭೂತಿಯನ್ನು ತಿದ್ದುವುದು, ಮಣ್ಣಿನ ಕೆಲಸ, ನೇಯ್ಗೆ, ಚಿತ್ರ, ಭಜನೆ ಇವೆಲ್ಲವೂ ಕಾಯಕಗಳೇ. ಬುದ್ಧಿಯ ಬೆಳವಣಿಗೆ ಕುಂಠಿತವಾದವನಿಗೂ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದು ಹಂತವು ಕೈಗೆ ಕೂಡಿದ ಮೇಲೆ ಮತ್ತೊಂದನ್ನು ತೋರಿದರೆ ಕಲಿಯುವನು. ತಾಳ್ಮೆಯು ಕಲಿಸುವವನಲ್ಲಿರಬೇಕು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಭಕ್ತರು ಈ ವಿಷಯವನ್ನು ತಮ್ಮ ಮನೆಯ ಮಾತೆಂದೇ ಭಾವಿಸಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆಯು 13 ಲಕ್ಷವನ್ನು ಮೀರಿತ್ತು. 2016ರ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಹದಿನೆಂಟು ತುಂಬಿದ ತರುವಾಯ ಶಾಲೆಯ ಗಂಟೆಯು ನಿಲ್ಲುವುದು. ಮಗನು ಕಿಟಕಿಯ ಬಳಿ ಕುಳಿತೇ ಪ್ರಾಯವನ್ನು ಕಳೆಯುವನು. ತಮ್ಮ ಕಾಲಾನಂತರ ಇವನ ಗತಿಯೇನೆಂಬ ಚಿಂತೆಯಿಂದ ತಾಯಿತಂದೆಗಳಿಗೆ ರಾತ್ರಿಯ ನಿದ್ದೆಯಿರದು. ಸಂತಾಪದ ಮಾತುಗಳಿಂದ ಆ ಚಿಂತೆಯು ನೀಗುವುದಿಲ್ಲ.

ಆದುದರಿಂದ ಮಠದ ಸಭಾಮಂಟಪವು ಪ್ರವಚನವಿಲ್ಲದ ಹೊತ್ತಿನಲ್ಲಿ ಇಂಥವರ ಕಾಯಕಶಾಲೆಯಾಗಲಿ. ಕೆಂಗೇರಿಯವರೆಗೆ 2021ರಲ್ಲಿ ಮೆಟ್ರೋ ರೈಲು ಬಂದಿತು, ನಿಲ್ದಾಣಗಳಲ್ಲಿ ಲಿಫ್ಟುಗಳಿವೆ. ಗಾಲಿಕುರ್ಚಿಯವನು ಅಲ್ಲಿಯ ತನಕ ಬಂದು, ಮಂಟಪದ ಮೆಟ್ಟಿಲುಗಳ ಮುಂದೆ ಹಿಂದಿರುಗುವಂತಾಗಬಾರದು. ಇಳಿಜಾರಿನ ದಾರಿಯನ್ನು ಮಾಡಿಸುವುದೂ ಶಿವಪೂಜೆಯೇ. ಅವರು ಮಾಡಿದ ವಸ್ತುವನ್ನು ಕನಿಕರದಿಂದ ಕೊಳ್ಳದೆ ಬೇಕೆಂದು ಕೊಳ್ಳಿರಿ. ಕೆಟ್ಟಿದ್ದರೆ ತಿದ್ದಲು ಹೇಳಿರಿ. ಸಲ್ಲುವ ಬೆಲೆಯನ್ನು ಕೊಡಿರಿ. ಹೊಗಳಿಕೆಯಿಂದ ಬಂದ ಧೈರ್ಯವು ಸಭೆ ಮುಗಿಯುವಷ್ಟರಲ್ಲಿ ಇಳಿದುಹೋಗುವುದು. ತನ್ನ ಕೆಲಸವು ಇನ್ನೊಬ್ಬರಿಗೆ ಬೇಕಾಯಿತೆಂಬ ಅರಿವಿನಿಂದ ಬಂದ ಧೈರ್ಯವು ಬಾಳಿನ ಕೊನೆಯವರೆಗೆ ನಿಲ್ಲುವುದು.

ಇಷ್ಟಲಿಂಗಕ್ಕೆ ಪೀಠವಾದ ಕರಸ್ಥಲವು ಬೇಡುವ ಕೈಯಾಗಿಯೇ ಉಳಿಯಬಾರದು. ಅದು ದುಡಿಯುವ ಕೈಯಾಗಲಿ, ದುಡಿದು ಇನ್ನೊಬ್ಬರಿಗೆ ನೀಡುವ ಕೈಯಾಗಲಿ. ಕುಮಾರಸ್ವಾಮಿಗಳವರು ಒಬ್ಬ ಅಂಧ ಬಾಲಕನಿಗೆ ತೆರೆದ ಬಾಗಿಲಿನಿಂದ ಎಷ್ಟು ಜನರು ಒಳಬಂದರೆಂಬುದನ್ನು ನಾಡು ಕಂಡಿದೆ. ಮಹೋತ್ಸವದ ಈ ಶುಭಸಮಯದಲ್ಲಿ ಪ್ರತಿಯೊಬ್ಬ ಭಕ್ತನೂ ತನ್ನ ಬೀದಿಯಲ್ಲಿ ಅಂಥ ಒಬ್ಬನನ್ನು ಹುಡುಕಿ, ಮಠದ ಬಾಗಿಲಿಗೆ ಕೈಹಿಡಿದು ಕರೆತರುವಂತಾಗಲಿ.